ಅತ್ತೆಗೊಂದು ಸಕ್ಕರೆ ಕಮ್ಮಿ ಕುಲ್ಫಿ

ಜೂನ್ ತಿಂಗಳ ಶ್ರೀನಿವಾಸಪುರದಲ್ಲಿ ಶುಗರ್ ಇರುವವರ ಪಾಡು ಯಾರಿಗೂ ಬೇಡ. ಬಾದಾಮಿ, ಬೇನೀಷಾ, ಮಲ್ಲಿಕಾ ಮಾವಿನಹಣ್ಣುಗಳೆಲ್ಲಾ ಕಣ್ಣೆದುರಿಗೇ ಇರುತ್ತವೆ. ಪಲ್ಪ್ ಫ್ಯಾಕ್ಟರಿಗಳಿಗೆ ತೋತಾಪುರಿ ಲೋಡುಗಳು ಹೊರಡುತ್ತಲೇ ಇರುತ್ತವೆ. ಊರಿಗೆ ಊರೇ ಮಾವಿನ ವಾಸನೆ.

ನಮ್ಮತ್ತೆಗೆ ಹನ್ನೊಂದು ವರ್ಷದಿಂದ ಶುಗರ್. ಮಾತ್ರೆ ತಪ್ಪಿಸುವುದಿಲ್ಲ. ಸಕ್ಕರೆ ಇಲ್ಲದ ಕಾಫಿಯನ್ನು ಕಷಾಯ ಕುಡಿದ ಹಾಗೆ ಮುಖ ಕಿವುಚಿಕೊಂಡು ಕುಡಿಯುತ್ತಾರೆ. ಆದರೆ ಸಂಜೆ ಕುಲ್ಫಿಯವನ ಗಂಟೆ ಕೇಳಿದರೆ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೊಳ್ಳುವುದಿಲ್ಲ, ಸುಮ್ನೆ ನಿಲ್ಲುತ್ತಾರೆ. ಅದನ್ನು ನೋಡಲಾಗದೆ ಕಳೆದ ವರ್ಷ ಒಂದು ಭಾನುವಾರ ನಾನೇ ಮಾಡಲು ಹೊರಟೆ.

ಒಂದು ಲೀಟರ್ ಗಟ್ಟಿ ಹಾಲು ಅರ್ಧಕ್ಕೆ ಇಳಿಸಿದೆ. ಸಕ್ಕರೆ ಎರಡೇ ಟೀ ಚಮಚ. ಸಿಹಿ ಕಮ್ಮಿಯಾದರೇನು, ಎಸೆನ್ಸ್ ಹಾಕಿ ಸರಿದೂಗಿಸಬಹುದು ಅಲ್ವಾ ಅಂತ ನನ್ನ ಲೆಕ್ಕ. ಕುದಿಯುವ ಹಾಲಿಗೇ ಒಂದು ಚಮಚ ಬಾದಾಮಿ ಎಸೆನ್ಸ್ ಸುರಿದೆ. ಮನೆಯೆಲ್ಲ ಘಮ್ ಅಂತು. ಪಕ್ಕದ ಮನೆಯವರು ಕಾಂಪೌಂಡಿನಿಂದಲೇ "ಏನು ವಿಶೇಷ?" ಅಂದರು. ಆ ಘಮ ಅಲ್ಲಿಗೇ ಮುಗಿಯಿತು. ಎಸೆನ್ಸಿನ ಪರಿಮಳ ಬಿಸಿಗೆ ನಿಲ್ಲುವಂಥದ್ದಲ್ಲ, ಆವಿಯ ಜೊತೆ ಹಾರಿಹೋಗುತ್ತದೆ. ಆರಿದ ಮೇಲೆ ರುಚಿ ನೋಡಿದರೆ ಬರೀ ಹಾಲು. ಸಿಟ್ಟು ಬಂದು ಇನ್ನೊಂದು ಚಮಚ ಹಾಕಿದೆ. ಈಗ ಕೆಮ್ಮಿನ ಔಷಧಿ ವಾಸನೆ!

ಫ್ರೀಜರಿನಿಂದ ಸಂಜೆ ತೆಗೆದಾಗ ಸ್ಟೀಲ್ ಲೋಟದಲ್ಲಿ ಕಲ್ಲು ಕೂತಿತ್ತು. ನಲ್ಲಿ ನೀರು ಬಿಟ್ಟೆ, ತಟ್ಟಿದೆ, ಚುಚ್ಚಿದೆ. ಚಮಚ ಬಗ್ಗಿತು. ಅತ್ತೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮಾ, ಇದನ್ನ ತಿನ್ನಬೇಕಾ, ಒರಳಲ್ಲಿ ಹಾಕಿ ಕುಟ್ಟಬೇಕಾ?" ಅಂದರು. ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಅವರೇ ಹಳೆಯ ಕಥೆ ತೆಗೆದರು. ಅವರು ಚಿಕ್ಕವರಿದ್ದಾಗ ಬರುತ್ತಿದ್ದ ಕುಲ್ಫಿಯವನು ಮಡಕೆಯಲ್ಲಿ ಐಸ್ ಜೊತೆ ಹಿಡಿ ಹಿಡಿ ಕಲ್ಲುಪ್ಪು ಹಾಕುತ್ತಿದ್ದನಂತೆ. ಉಪ್ಪು ಬಿದ್ದರೆ ಐಸ್ ಬೇಗ ಕರಗುತ್ತದೆ. ಆದರೆ ಆ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ. ಅದರ ಚಳಿಗೇ ಕುಲ್ಫಿ ಕಟ್ಟುವುದು. ಆಗ ಹೊಳೆಯಿತು ನೋಡಿ, ಮಡಕೆಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಕುಲ್ಫಿಯೊಳಗೆ ಸಕ್ಕರೆ ಮಾಡುತ್ತಿರುತ್ತದೆ. ಹಾಲಿನ ನೀರು ಪೂರ್ತಿ ಹೆಪ್ಪುಗಟ್ಟದ ಹಾಗೆ ತಡೆಯುತ್ತದೆ. ಮೈನಸ್ 18ರ ಫ್ರೀಜರಿನಲ್ಲಿಟ್ಟರೂ ಚಮಚ ಇಳಿಯುವುದು ಅದರಿಂದಲೇ. ನಾನು ಸಿಹಿ ತೆಗೆದೆ ಅಂದುಕೊಂಡಿದ್ದೆ, ಮೆತ್ತಗಿರುವುದನ್ನೂ ತೆಗೆದುಬಿಟ್ಟಿದ್ದೆ.

ನಡುವೆ ಸ್ಟೀವಿಯಾ ಪುಡಿಯನ್ನೂ ನೋಡಿದ್ದಾಯಿತು. ನಾಲಿಗೆಯ ಹಿಂದೆ ಒಂಥರಾ ಕಹಿ ಉಳಿಯುತ್ತದೆ. ಒಂದು ಚಿಟಿಕೆಗೇ ಸಿಹಿ ಸಾಕಾಗುವುದರಿಂದ ಕಲ್ಲೇನೂ ಮೆತ್ತಗಾಗುವುದಿಲ್ಲ. ಪೊಟ್ಟಣ ಈಗಲೂ ಶೆಲ್ಫಿನ ಮೂಲೆಯಲ್ಲಿದೆ.

ಮುಂದಿನ ಭಾನುವಾರ ಸಕ್ಕರೆ ಕಮ್ಮಿಯಾದ ಜಾಗಕ್ಕೆ ಕೆನೆ ಬಂತು. ನಾಲ್ಕು ದಿನ ತೆಗೆದಿಟ್ಟ ಕೆನೆ, ಒಂದು ಬಟ್ಟಲು. ಜಿಡ್ಡು ನೀರಿನ ಹಾಗೆ ಕಲ್ಲಾಗುವುದಿಲ್ಲ. ಸಕ್ಕರೆಯನ್ನೂ ನಾಲ್ಕು ಟೀ ಚಮಚಕ್ಕೆ ಏರಿಸಿದೆ. ಬೇನೀಷಾ ತಿರುಳು ಕಾಲು ಬಟ್ಟಲು ಮಾತ್ರ. ಮಾವಿನಲ್ಲೇ 100 ಗ್ರಾಂಗೆ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ, ಹಣ್ಣು ತಾನೇ ಅಂತ ಸುರಿಯುವ ಹಾಗಿಲ್ಲ. ಎಲ್ಲಾ ಪೂರ್ತಿ ಆರಿದ ಮೇಲೆ ಅರ್ಧ ಚಮಚ ವೆನಿಲ್ಲಾ ಎಸೆನ್ಸ್. ಬಾದಾಮಿ ಎಸೆನ್ಸಿಗಿಂತ ಇದೇ ವಾಸಿ. ವೆನಿಲ್ಲಾ ವಾಸನೆ ಬಂದರೆ ಸಿಹಿ ಇರುವುದಕ್ಕಿಂತ ಜಾಸ್ತಿ ಇದೆ ಅಂತ ನಾಲಿಗೆ ನಂಬಿಬಿಡುತ್ತದೆ. ಆದರೂ ಫ್ರೀಜರಿಗಿಡುವ ಮುಂಚೆ ಸಿಹಿ ಒಂಚೂರು ಮುಂದಾಗಿಯೇ ಇರಬೇಕು, ತಣ್ಣಗಾದರೆ ಅದು ಮಂಕಾಗುತ್ತದೆ.

ಅರ್ಧ ಗಂಟೆಗೊಮ್ಮೆ ತೆಗೆದು ಫೋರ್ಕಿನಲ್ಲಿ ಕದಡಿದೆ, ಐಸ್ ಹರಳು ದಪ್ಪಗಾಗಬಾರದು ಅಂತ. ಮೂರನೇ ಸಲ ಕದಡುವಾಗ ಕರೆಂಟ್ ಹೋಯಿತು. ಎರಡು ಗಂಟೆ ಫ್ರೀಜರ್ ಬಾಗಿಲು ಮುಟ್ಟಲು ಯಾರನ್ನೂ ಬಿಡಲಿಲ್ಲ. ಮಗ ನೀರಿನ ಬಾಟ್ಲಿಗೆ ಅಂತ ಬಂದು ಬೈಸಿಕೊಂಡ. ಕರೆಂಟ್ ಬಂದ ಮೇಲೆ ಮತ್ತೆ ಚೆನ್ನಾಗಿ ಬಡಿದು ಇಟ್ಟೆ.

ರಾತ್ರಿ ಊಟವಾದ ಮೇಲೆ ಲೋಟವನ್ನು ಹತ್ತು ನಿಮಿಷ ಹೊರಗಿಟ್ಟು ಕೊಟ್ಟೆ. ಚಮಚ ಇಳಿಯಿತು. ಅತ್ತೆ ಮಾತಾಡಲಿಲ್ಲ. ಅರ್ಧ ಲೋಟಕ್ಕೆ ಅವರೇ ನಿಲ್ಲಿಸಿ, ಉಳಿದದ್ದನ್ನು ಮೊಮ್ಮಗನಿಗೆ ಕೊಟ್ಟರು. ಚಮಚ ಮಾತ್ರ ಬಿಡಲಿಲ್ಲ, ನೆಕ್ಕುತ್ತಾ ಕೂತರು.

"ಸಕ್ಕರೆ ಎಷ್ಟು ಹಾಕಿದೆ?"

"ಎಲ್ಲಾ ಲೋಟಕ್ಕೂ ಸೇರಿ ನಾಲ್ಕು ಟೀ ಚಮಚ ಅತ್ತೆ."

"ಸುಳ್ಳು."

ವೆನಿಲ್ಲಾ ಬಾಟ್ಲಿ ತೋರಿಸಿದೆ. ಮುಚ್ಚಳ ತೆಗೆದು ಮೂಸಿದರು, ಮತ್ತೆ ಮೂಸಿದರು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಎದ್ದರೆ ಅಡಿಗೆಮನೆಯಿಂದ ವೆನಿಲ್ಲಾ ವಾಸನೆ. ಅತ್ತೆ ಕಟ್ಟೆಗೆ ಒರಗಿಕೊಂಡು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಿದ್ದರು. ಮುಖ ಕಿವುಚಿರಲಿಲ್ಲ.