ಕಬ್ಬು ಕಡಿಯುವವರ ಬುತ್ತಿಯಲ್ಲಿ ಏನಿರಬೇಕು?

ಕಟಾವು ಶುರುವಾದರೆ ಸಾಕು, ನಮಗೆ ಬರುವ ಪ್ರಶ್ನೆ ಒಂದೇ: "ಏನು ತಿಂದರೆ ಸಂಜೆವರೆಗೂ ಶಕ್ತಿ ನಿಲ್ಲುತ್ತದೆ? ಹನ್ನೊಂದಕ್ಕೆಲ್ಲ ಕೈಕಾಲು ಸೋತುಬರುತ್ತವೆ." ಕೇಳುವವರು ಯಾವುದಾದರೂ ಪುಡಿಯದೋ ಟಾನಿಕ್ಕಿನದೋ ಹೆಸರು ಹೇಳುತ್ತೇವೆಂದು ಕಾಯುತ್ತಾರೆ. ನಾವು ಹೇಳುವುದು ಇಷ್ಟು: ಬುತ್ತಿಯಲ್ಲಿರುವುದನ್ನು ಬದಲಿಸುವ ಮೊದಲು ಬುತ್ತಿ ಬಿಚ್ಚುವ ಹೊತ್ತನ್ನು ಬದಲಿಸಿ.

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಗ್ಯಾಂಗು ಕತ್ತಲಿರುವಾಗಲೇ ಹೊಲಕ್ಕೆ ಇಳಿಯುತ್ತದೆ. ಹೊಟ್ಟೆಯಲ್ಲಿರುವುದು ಒಂದು ಕಪ್ ಚಹಾ, ಎರಡು ಬಿಸ್ಕೀಟು. ಬಾಯಲ್ಲಿ ತಂಬಾಕು. ಬುತ್ತಿ ಬಿಚ್ಚುವಾಗ ಹತ್ತೂವರೆ, ಹನ್ನೊಂದು. ಹಿಂದಿನ ರಾತ್ರಿ ಎಂಟಕ್ಕೆ ಉಂಡಿದ್ದರೆ ನಡುವೆ ಹದಿನಾಲ್ಕೂವರೆ ತಾಸು ಕಳೆದಿರುತ್ತದೆ. ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಬಹುಪಾಲು ರಾತ್ರಿಯೇ ಖರ್ಚಾಗಿರುತ್ತದೆ. ಮೂರು ತಾಸು ಬಗ್ಗಿ ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಬೀಸಿದರೆ ಸ್ನಾಯುಗಳಲ್ಲಿದ್ದದ್ದೂ ಇಳಿಯುತ್ತದೆ. ತಂಬಾಕು ಹಸಿವನ್ನು ಅಡಗಿಸುತ್ತದೆ, ಅಷ್ಟೇ. ಅದರಿಂದ ಒಂದು ಹನಿ ಶಕ್ತಿಯೂ ಬರುವುದಿಲ್ಲ. ಹನ್ನೊಂದಕ್ಕೆ ಬರುವ ಸೋಲು ಬೆಳಿಗ್ಗೆ ಐದಕ್ಕೇ ಶುರುವಾಗಿರುತ್ತದೆ.

ಎಷ್ಟು ಬೇಕು ಎಂಬ ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣದಂತೆ, ಭಾರಿ ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 3,470 ಕಿಲೋಕ್ಯಾಲರಿ, 55 ಕಿಲೋ ತೂಕದ ಹೆಂಗಸಿಗೆ 2,720 ಬೇಕು. ಕುಳಿತು ಕೆಲಸ ಮಾಡುವ ಗಂಡಸಿಗೆ 2,110 ಸಾಕು. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಸುಮಾರು 165 ಕಿಲೋಕ್ಯಾಲರಿ, 5 ಗ್ರಾಂ ಪ್ರೋಟೀನು. ದಿನಕ್ಕೆ ಹನ್ನೆರಡು ರೊಟ್ಟಿ ತಿಂದರೂ 2,000 ಆಗುತ್ತದೆ. ಉಳಿದದ್ದು ಕಾಳು, ಶೇಂಗಾ, ಹಾಲು, ಎಣ್ಣೆ, ಬೆಲ್ಲ, ಅನ್ನದಿಂದ ಬರಬೇಕು. ಇಷ್ಟನ್ನು ಎರಡೇ ಊಟದಲ್ಲಿ ತುರುಕಿದರೆ ಹೊಟ್ಟೆ ಭಾರವಾಗಿ ಬಗ್ಗಲೂ ಆಗುವುದಿಲ್ಲ.

ಆದ್ದರಿಂದ ಹೀಗೆ ಹಂಚಿ. ಗಂಡಸಿನ ಲೆಕ್ಕ ಹೇಳುತ್ತೇವೆ, ಹೆಂಗಸರು ಇದರ ಮುಕ್ಕಾಲು ಪಾಲು ಹಿಡಿಯಲಿ. ಮನೆ ಬಿಡುವ ಮೊದಲು ಎರಡು ರೊಟ್ಟಿ, ಒಂದು ಲೋಟ ಹಾಲು. ಹಾಲಿಲ್ಲದಿದ್ದರೆ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ಅಷ್ಟು ಬೆಳಿಗ್ಗೆ ಗಂಟಲಿಗೆ ಇಳಿಯದವರು ರೊಟ್ಟಿಯನ್ನು ಹಾಲಲ್ಲಿ ಮುರಿದು ಹಾಕಿಕೊಳ್ಳಿ. ದೊಡ್ಡ ಊಟ ಒಂಬತ್ತಕ್ಕೆ, ಒಂಬತ್ತೂವರೆ ದಾಟಬಾರದು: ನಾಲ್ಕು ರೊಟ್ಟಿ, 40 ಗ್ರಾಂ ಒಣ ಹೆಸರುಕಾಳನ್ನೋ ಮಡಿಕೆಕಾಳನ್ನೋ ನೆನೆಸಿ ಮಾಡಿದ ಪಲ್ಯ, ಎರಡು ಚಮಚ ಹಿಂಡಿ, ಉಳ್ಳಾಗಡ್ಡಿ. ಹನ್ನೊಂದೂವರೆಗೆ ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾ, ಎರಡು ಗೋಲಿ ಗಾತ್ರದ ಬೆಲ್ಲ. ಇಷ್ಟರಿಂದಲೇ 200 ಕಿಲೋಕ್ಯಾಲರಿ ದಾಟುತ್ತದೆ, ಕಿಸೆಯಲ್ಲಿ ಹಿಡಿಸುತ್ತದೆ, ಬಿಸಿಲಿಗೆ ಕೆಡುವುದಿಲ್ಲ. ಮಧ್ಯಾಹ್ನ ಮೂರು ರೊಟ್ಟಿ, ಬೇಳೆ, ಮಜ್ಜಿಗೆ, ನೆರಳಲ್ಲಿ ಅರ್ಧ ತಾಸು. ಸಂಜೆ ಪುಟಾಣಿ (ಹುರಿಗಡಲೆ), ಚಹಾ. ರಾತ್ರಿ ರೊಟ್ಟಿ, ಅನ್ನ, ಸಾರು, ಸಾಧ್ಯವಿದ್ದರೆ ತತ್ತಿ.

ಗ್ಲುಕೋಸ್ ಪುಡಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಬುತ್ತಿ ಉಂಡವನಿಗೆ ಅದರ ಅಗತ್ಯವಿಲ್ಲ, ಉಣ್ಣದವನಿಗೆ ಅದು ಸಾಲುವುದಿಲ್ಲ. ಅದೇ ದುಡ್ಡಿಗೆ ಶೇಂಗಾ ತನ್ನಿ.

ಅಂಬಲಿಯ ವಿಷಯದಲ್ಲಿಯೂ ಒಂದು ತಪ್ಪು ನಂಬಿಕೆ ಇದೆ: ಅದನ್ನು ಕುಡಿದರೆ ಊಟ ಬೇಡವೆಂದು. ರಾಗಿ ಅಂಬಲಿಯಾಗಲಿ ಜೋಳದ ಅಂಬಲಿಯಾಗಲಿ, ಒಂದು ದೊಡ್ಡ ಲೋಟದಲ್ಲಿ ಇರುವ ಹಿಟ್ಟು ಹೆಚ್ಚೆಂದರೆ 30 ಗ್ರಾಂ, ಸುಮಾರು 100 ಕಿಲೋಕ್ಯಾಲರಿ. ಅಂಬಲಿ ಕುಡಿದು ಊಟ ಬಿಟ್ಟರೆ ಸೋಲು ಖಂಡಿತ. ಆದರೆ ನೀರು ಮತ್ತು ಉಪ್ಪನ್ನು ಹೊಟ್ಟೆಗೆ ಹಗುರವಾಗಿ ಸೇರಿಸಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಊಟದ ಜೊತೆಗೆ ಕುಡಿಯಿರಿ, ಊಟದ ಬದಲಿಗೆ ಬೇಡ.

ಫೆಬ್ರುವರಿ ದಾಟಿದ ಮೇಲೆ ಅನ್ನಕ್ಕಿಂತ ನೀರೇ ಮೊದಲು ಕೈಕೊಡುತ್ತದೆ. ಬಾಯಾರಿದ ಮೇಲೆ ಒಂದೇ ಉಸಿರಿಗೆ ಒಂದು ಲೀಟರ್ ಕುಡಿದರೆ ಹೊಟ್ಟೆ ಉಬ್ಬುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, 200ರಿಂದ 250 ಮಿಲಿ, ಸರಿಯಾದ ಕ್ರಮ. ತಾಸಿಗೆ ಒಂದೂವರೆ ಲೀಟರ್ ಮೀರುವುದು ಅಪಾಯ, ರಕ್ತದಲ್ಲಿನ ಉಪ್ಪು ತೆಳುವಾಗುತ್ತದೆ. ದಿನವೆಲ್ಲ ನೀರು ಕುಡಿದೂ ಮೀನಖಂಡ ಹಿಡಿದುಕೊಳ್ಳುತ್ತಿದೆ ಎಂದರೆ ಹೆಚ್ಚಾಗಿ ಬೆವರಿನೊಂದಿಗೆ ಹೋದ ಉಪ್ಪು ವಾಪಸು ಬಂದಿಲ್ಲ ಎಂದೇ ಅರ್ಥ. 200 ಮಿಲಿ ಮೊಸರು, 800 ಮಿಲಿ ನೀರು, ಮಟ್ಟಸವಾಗಿ ಅರ್ಧ ಟೀ ಚಮಚ ಉಪ್ಪು, ಜಜ್ಜಿದ ಶುಂಠಿ: ಈ ಮಜ್ಜಿಗೆ ಹೊತ್ತೇರುವ ಮೊದಲೇ ಕುಡಿದು ಮುಗಿಸಿ. ರಕ್ತದೊತ್ತಡಕ್ಕೋ ಮೂತ್ರಪಿಂಡಕ್ಕೋ ಔಷಧ ತೆಗೆದುಕೊಳ್ಳುವವರು ಉಪ್ಪಿನ ವಿಷಯ ಡಾಕ್ಟರರನ್ನು ಕೇಳಲೇಬೇಕು. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಗೊತ್ತುಗುರಿಯಿಲ್ಲದೆ ಮಾತಾಡಿದರೆ ಮಜ್ಜಿಗೆ ಕುಡಿಸುತ್ತ ಕೂರಬೇಡಿ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯುತ್ತ ಆಸ್ಪತ್ರೆಗೆ ಹೊರಡಿ.

ಬುತ್ತಿ ಕೆಡುವುದೂ ಇದೇ ತಿಂಗಳುಗಳಲ್ಲಿ. ರಾತ್ರಿ ಉಳಿದ ಅನ್ನವನ್ನು ಚಿತ್ರಾನ್ನ ಮಾಡಿ ಬಿಸಿಬಿಸಿಯಾಗಿ ಡಬ್ಬಿಗೆ ಮುಚ್ಚಿದರೆ ಮಧ್ಯಾಹ್ನದೊಳಗೆ ವಿಷವಾಗಬಹುದು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಕೊಬ್ಬರಿ ಹಾಕಿದ ಪಲ್ಯವೂ ಬೇಗ ಹಳಸುತ್ತದೆ. ಕಟಕ (ಒಣಗಿಸಿದ ಗಟ್ಟಿ) ರೊಟ್ಟಿ, ಶೇಂಗಾ, ಗುರೆಳ್ಳು, ಅಗಸಿ ಹಿಂಡಿಗಳಿಗೆ ಆ ಭಯವಿಲ್ಲ. ಪಲ್ಯವನ್ನು ಒಂಬತ್ತರ ಊಟಕ್ಕೇ ಮುಗಿಸಿಬಿಡಿ.

ಇನ್ನು ಹೆಂಗಸರ ಮಾತು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡು ಹೊಲಕ್ಕೆ ಬಂದು ಗಂಡಸಿನಷ್ಟೇ ಹೊರೆ ಹೊರುವವರು ಅವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಊಟವಾದ ಕೂಡಲೇ ಚಹಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ಬಿಡಿ, ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ. ಆದರೂ ಬೇಗ ಏದುಸಿರು ಬರುತ್ತಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಊಟದಿಂದಷ್ಟೇ ಅದು ಸರಿಹೋಗದು. ಅದಕ್ಕಿಂತ ನೋವಿನ ಸಂಗತಿ, ಹೊಲದಲ್ಲಿ ಮರೆ ಇಲ್ಲವೆಂದು ಅವರು ಬೇಕೆಂದೇ ನೀರು ಕುಡಿಯುವುದಿಲ್ಲ. ತಲೆನೋವು, ಉರಿಮೂತ್ರ, ಮಧ್ಯಾಹ್ನದ ನಿಶ್ಶಕ್ತಿ ಎಷ್ಟೋ ಸಲ ಅಲ್ಲಿಂದಲೇ ಬರುತ್ತವೆ. ಇಲ್ಲಿ ಬುತ್ತಿ ಕಟ್ಟುವವರು ಮಾಡುವಂಥದ್ದು ಏನೂ ಇಲ್ಲ. ನಾಲ್ಕು ಗಳ, ಒಂದು ತಾಡಪತ್ರಿ, ಎರಡು ಕೊಡ ನೀರು ಇದ್ದರೆ ಮರೆ ಸಿದ್ಧವಾಗುತ್ತದೆ. ಅದನ್ನು ಮುಕಾದಮರು, ಅಂದರೆ ಗ್ಯಾಂಗಿನ ಮೇಸ್ತ್ರಿಗಳು ಮಾಡಿಸಬೇಕು, ಮೊದಲ ದಿನವೇ, ಕೊಯ್ತಾ ಕೈಗೆ ತೆಗೆದುಕೊಳ್ಳುವ ಮೊದಲು.