‘ವಾರ್ಮ್ ಬಾಡೀಸ್’ ಟಿಪ್ಪಣಿ: ಮೂರನೇ ಸುತ್ತಿನ ಹೊತ್ತಿಗೆ

ಐಸಾಕ್ ಮೇರಿಯನ್ 2010ರಲ್ಲಿ ಪ್ರಕಟಿಸಿದ ಈ ಜೋಂಬಿ (ಎದ್ದು ಓಡಾಡುವ ಹೆಣ) ಪ್ರೇಮಕಾದಂಬರಿಯನ್ನು ಸಾಲುಸಾಲಾಗಿ ಗುರುತುಹಾಕಿ ಓದುವ ಕೆಲಸ ಅರ್ಧಕ್ಕಿಂತ ಮುಂದೆ ಬಂದಿದೆ.

ಮೊದಲ ಸುತ್ತು, ಹೆಸರುಗಳದ್ದು, ಬೇಗ ಮುಗಿಯಿತು. ಎಲ್ಲವೂ ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ನೆರಳು: ಕಥೆ ಹೇಳುವ ಜೋಂಬಿ ಆರ್ ಅಂದರೆ ರೋಮಿಯೋ, ಅವನು ಪ್ರೀತಿಸುವ ಬದುಕಿರುವ ಹುಡುಗಿ ಜೂಲಿ ಜೂಲಿಯೆಟ್, ಅವಳ ಪ್ರಿಯಕರ ಪೆರಿ ಪ್ಯಾರಿಸ್, ಆರ್‌ನ ಜೋಂಬಿ ಗೆಳೆಯ ಎಂ ಮರ್ಕ್ಯೂಷಿಯೋ. ಬಾಲ್ಕನಿಯೂ ಇದೆ.

ಎರಡನೆಯದು ನಿರೂಪಣೆ. ಪಾಳುಬಿದ್ದ ವಿಮಾನ ನಿಲ್ದಾಣದ 747 ವಿಮಾನದಲ್ಲಿ ಬದುಕುವ ಆರ್‌ನ ಬಾಯಿಂದ ಹೊರಡುವುದು ತೊದಲುವ ಒಂದೆರಡು ಪದ. ತಲೆಯೊಳಗೆ ಮಾತ್ರ ನಿರರ್ಗಳ ಭಾಷೆ. ಮನದ ಮಾತಿಗೆ ನೀಲಿ, ಬಾಯಿಮಾತಿಗೆ ಕೆಂಪು ಪೆನ್ಸಿಲ್ ಹಿಡಿದರೆ, ಜೂಲಿ ಬಂದ ಮೇಲೆ ಕೆಂಪು ಗೆರೆ ಉದ್ದವಾಗುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ. ಎಡವಿದ್ದು ಪೆರಿಯ ನೆನಪುಗಳಲ್ಲಿ. ಆರ್ ಅವನ ಮೆದುಳು ತಿಂದ ಮೇಲೆ ಬರುವ ಆ ಭಾಗಗಳಲ್ಲೂ ‘ನಾನು’ ಎಂದೇ ಇರುವುದರಿಂದ ನೀಲಿ ಬಿತ್ತು. ಅಲ್ಲಿ ಮಾತಾಡುವವನು ಸತ್ತ ಪೆರಿ. ಹಸಿರು ತಂದು ಮೊದಲ ಪುಟದಿಂದ ಮತ್ತೆ ಗುರುತು ಹಾಕಬೇಕಾಯಿತು.

ಈಗಿನ ಸುತ್ತು ರಸದ್ದು, ಅಂದರೆ ಓದುವವನು ಸವಿಯುವ ಭಾವದ್ದು; ನಿಜವಾದ ತಿರುಳು ಇಲ್ಲಿದೆ. ಬೀಭತ್ಸ (ಹೇಸಿಗೆ) ಮತ್ತು ಶೃಂಗಾರ (ಪ್ರೀತಿ) ಒಂದಕ್ಕೊಂದು ವಿರೋಧಿ ರಸಗಳು. ಕೊಳೆಯುವ ಮೈಯನ್ನು ಕಂಡು ಹೇಸುವ ಓದುಗ ಅದೇ ಮೈಯ ಪ್ರೀತಿಯನ್ನು ಹೇಗೆ ಒಪ್ಪಿಯಾನು? ಎರಡರ ನಡುವೆ ಮೂರನೆಯ ರಸ ಬಂದರೆ ವಿರೋಧ ತೊಲಗುತ್ತದೆ ಎನ್ನುತ್ತಾನೆ ಸಂಸ್ಕೃತ ಕಾವ್ಯಶಾಸ್ತ್ರದ ಗ್ರಂಥ ‘ಧ್ವನ್ಯಾಲೋಕ’ ಬರೆದ ಆನಂದವರ್ಧನ. ಅವನ ಉದಾಹರಣೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ: ರಣದಲ್ಲಿ ಮಡಿದ ವೀರರು ಸ್ವರ್ಗಸ್ತ್ರೀಯರ ಜೊತೆ ವಿಮಾನದಲ್ಲಿ ಕುಳಿತು, ಕೆಳಗೆ ಬಿದ್ದ ತಮ್ಮದೇ ಹೆಣಗಳನ್ನು ನೋಡುತ್ತಾರೆ. ನಡುವೆ ನಿಂತದ್ದು ವೀರ.

ಹಾಗಾಗಿ ಪ್ರತಿ ದೃಶ್ಯಕ್ಕೆ ಮೂರು ಖಾನೆ: ಹೇಸಿಗೆ ಹುಟ್ಟಿಸುವ ವಿವರ, ನಡುವಿನ ರಸ, ಪ್ರೀತಿಯ ವಿವರ. ಮೆದುಳು ತಿನ್ನುವ ದೃಶ್ಯದ ನಡುಖಾನೆಗೆ ‘ಕರುಣ’ ಎಂದು ಬರೆದದ್ದು ನಿಲ್ಲಲಿಲ್ಲ. ಇನ್ನೊಂದು ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥವಾದ ‘ಸಾಹಿತ್ಯದರ್ಪಣ’ದ ವಿರೋಧಿ ರಸಗಳ ಪಟ್ಟಿಯಲ್ಲಿ ಕರುಣವೂ ಶೃಂಗಾರದ ವೈರಿಯೇ. ‘ಅದ್ಭುತ’ ಸರಿಹೊಂದಿತು. ಇನ್ನೊಬ್ಬನ ಬದುಕು ತನ್ನೊಳಗೆ ಬೆಳಗಿದ ಬೆರಗಿನಿಂದಲೇ ಆರ್ ಜೂಲಿಯ ಕಡೆ ತಿರುಗುತ್ತಾನೆ.

2013ರ ಸಿನಿಮಾವನ್ನು ಈ ಖಾನೆಗಳಿಗೆ ಬೆರೆಸಬಾರದು. ಪುಸ್ತಕದಲ್ಲಿ ಆರ್‌ಗೆ ಜೋಂಬಿ ಹೆಂಡತಿ, ಮಕ್ಕಳು ಇದ್ದಾರೆ. ತೆರೆಯ ಮೇಲೆ ಇಲ್ಲ. ಭಾವವಿಲ್ಲದ ಆ ಮದುವೆಯನ್ನು ಸಿನಿಮಾದಂತೆ ಕೈಬಿಟ್ಟರೆ ಮೂರನೆಯ ಖಾನೆಯ ಪ್ರೀತಿಗೆ ಹೋಲಿಕೆಯೇ ಸಿಗುವುದಿಲ್ಲ.

ಬಾಕಿ ಇರುವುದು ಎಲುಬುಗೂಡುಗಳಾದ ‘ಬೋನೀ’ಗಳ ದೃಶ್ಯಗಳು. ಅಲ್ಲಿ ಬೀಭತ್ಸವೋ ಭಯಾನಕವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.