ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗೋರು ಇದನ್ನ ಓದ್ಕೊಂಡು ಹೊರಡಿ

ಹಾಸನದಲ್ಲೇ ಹುಟ್ಟಿ ಬೆಳೆದು, ಒಳ್ಳೇ ಕಛೇರಿ ಕೇಳ್ಬೇಕು ಅಂದ್ರೆ ಮೈಸೂರಿಗೋ ಬೆಂಗಳೂರಿಗೋ ಓಡ್ತಿದ್ದ ನಾವು, ನಮ್ಮದೇ ಜಿಲ್ಲೆ ರುದ್ರಪಟ್ಟಣದ ಕರ್ನಾಟಕ ಸಂಗೀತೋತ್ಸವಕ್ಕೆ ಮೊನ್ನೆ ಮೊದಲನೇ ಸಲ ಹೋಗಿ ಬಂದ್ವಿ. ನಾನು, ಅಕ್ಕ, ಅಕ್ಕನ ಮಗಳು, ಅವಳು ಪಿಟೀಲು ಕಲೀತಿದಾಳೆ. ವಾಪಸ್ ಬಂದಾಗಿಂದ ನೆಂಟರು ಫ್ರೆಂಡ್ಸು ಎಲ್ಲಾ ಹೇಗೆ ಹೋಗೋದು, ಎಲ್ಲಿ ಉಳ್ಕೊಳ್ಳೋದು ಅಂತ ಕೇಳ್ತಾನೇ ಇದಾರೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ.

ದಾರಿ ಸುಲಭ. ಹಾಸನದಿಂದ ಅರಕಲಗೂಡು, ಅಲ್ಲಿಂದ ರಾಮನಾಥಪುರದ ಮೇಲೆ ರುದ್ರಪಟ್ಟಣ. ಒಂದೂವರೆ ಗಂಟೆ ಮೇಲೇ ಇಟ್ಕೊಳ್ಳಿ. ಮೈಸೂರು ಕಡೆಯಿಂದ ಬರೋರು ಕೆ.ಆರ್. ನಗರ, ಸಾಲಿಗ್ರಾಮದ ಮೇಲೆ ಬರ್ಬಹುದು. ರಾಮನಾಥಪುರದ ಸುತ್ತ ಹೊಲಗಳ ಮಧ್ಯ ಉದ್ದಕ್ಕೆ ನಿಂತಿರೋ ಹೊಗೆಸೊಪ್ಪು ಹದ ಮಾಡೋ ಬ್ಯಾರನ್‌ಗಳು ಕಾಣ್ತವೆ. ಟೈಮ್ ಇದ್ರೆ ರಾಮನಾಥಪುರದಲ್ಲಿ ಇಳಿದು ಕಾವೇರಿ ದಂಡೆ ಮೇಲಿರೋ ರಾಮೇಶ್ವರ ದೇವಸ್ಥಾನ ನೋಡಿ, ನಾವು ನೋಡಿದ್ದು ಹತ್ತೇ ನಿಮಿಷ, ಸಾಲ್ಲಿಲ್ಲ.

ಬಸ್ಸಲ್ಲಿ ಹೋಗೋರು ಇದನ್ನ ಗಮನ ಇಟ್ಟು ಓದಿ. ಹೋಗೋದಕ್ಕೆ ತೊಂದರೆ ಇಲ್ಲ, ಬರೋದೇ ಕಷ್ಟ. ರಾತ್ರಿ ಒಂದು ಬಸ್ಸಿದೆ ಅಂತ ಯಾರೋ ಹೇಳಿದ್ದನ್ನ ನಂಬ್ಕೊಂಡು ಕೂತಿದ್ವಿ, ಮಂಗಳ ಹಾಡಿ ಮುಗಿಸಿ ಹೊರಗೆ ಬಂದ್ರೆ ಬಸ್ಸು ಹೋಗಿ ಅರ್ಧ ಗಂಟೆ ಆಗಿತ್ತು, ಅಕ್ಕನ ಮುಖ ನೋಡಕ್ಕಾಗ್ತಿರ್ಲಿಲ್ಲ. ಅರಕಲಗೂಡಿಂದ ಬಂದಿದ್ದ ಒಂದು ಕುಟುಂಬದವರು ತಾವೇ ಕೇಳಿ ತಮ್ಮ ಓಮ್ನಿಯಲ್ಲಿ ಜಾಗ ಮಾಡ್ಕೊಟ್ರು, ಅವರ ಋಣ ದೊಡ್ಡದು. ಆದ್ರೆ ಎಲ್ಲರಿಗೂ ಹಾಗೆ ಸಿಗಲ್ಲ, ಸಂಜೆ ಕಛೇರಿ ಪೂರ್ತಿ ಕೇಳ್ಬೇಕು ಅಂದ್ರೆ ನಾಲ್ಕೈದು ಜನ ಸೇರ್ಕೊಂಡು ಒಂದು ಗಾಡಿ ಮಾಡ್ಕೊಂಡೇ ಹೋಗಿ. ಊರು ಚಿಕ್ಕದು, ಲಾಡ್ಜು ಹೋಟ್ಲು ಅಂತೆಲ್ಲಾ ನಿರೀಕ್ಷೆ ಇಟ್ಕೋಬೇಡಿ, ಹಾಸನದಲ್ಲೇ ರೂಮ್ ಮಾಡೋದು ವಾಸಿ.

ಈ ಊರಿನ ಬಗ್ಗೆ ಗೊತ್ತಿಲ್ಲದೋರಿಗೆ ಎರಡು ಮಾತು. ಕೆಲವು ಸಂಗೀತಗಾರರ ಹೆಸರಿನ ಮುಂದೆ ಆರ್.ಕೆ. ಅಂತ ಬರುತ್ತಲ್ಲ, ಆ ಆರ್ ಅಂದ್ರೆ ಈ ಊರೇ. ಹೆಸರಾಂತ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲಿ, 1920ರಲ್ಲಿ. 2011ರಲ್ಲಿ ಪದ್ಮಭೂಷಣ ಬಂತು, 2014ರಲ್ಲಿ ತೀರ್ಕೊಂಡ್ರು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡ್ತಿದ್ರು. ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ತ್ಯಾಗರಾಜನ್, ತಾರಾನಾಥನ್ ಮನೆತನದ ಬೇರೂ ಇದೇ ಊರು. ಸಂಕೇತಿ ಅನ್ನೋ ಬ್ರಾಹ್ಮಣ ಸಮುದಾಯದವರ ಊರಿದು, ಮನೆಮನೆಯಲ್ಲೂ ಸಂಗೀತ ಅನ್ನೋ ಮಾತು ಸುಮ್ನೆ ಬಂದಿದ್ದಲ್ಲ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ತಂಬೂರಿ ಆಕಾರದಲ್ಲೇ ಒಂದು ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿದಾರೆ, ಅದನ್ನ ನೋಡ್ದೆ ಬರಬೇಡಿ. ಬೆಳಗ್ಗೆ ಬಿಸಿಲೇರೋ ಮುಂಚೆ ಹೋದ್ರೆ ಒಳಗೆ ಜನ ಕಡಿಮೆ. ನಾವು ಹೋದಾಗ ಒಬ್ಬ ಹುಡುಗ ಮೂಲೇಲಿ ಕೂತು ಮೆಲ್ಲಗೆ ಸರಳೆ (ಸಂಗೀತದ ಮೊದಲ ಪಾಠ) ಹೇಳ್ಕೊತಿದ್ದ, ಅಕ್ಕನ ಮಗಳು ಅವನ ಪಕ್ಕ ಹೋಗಿ ಕೂತವಳು ಏಳಕ್ಕೇ ಒಪ್ಪಲಿಲ್ಲ.

ಈಗ ಕಛೇರಿ ವಿಷಯ. ದೊಡ್ಡ ಹೆಸರಿನವರದ್ದು ಸಂಜೆ ಇರುತ್ತೆ ಅಂತ ಸಂಜೆಗೇ ಹೋಗೋ ಪ್ಲಾನ್ ಮಾಡಬೇಡಿ, ದಯವಿಟ್ಟು. ಬೆಳಗ್ಗೆ ಹಾಡೋ ಚಿಕ್ಕ ವಯಸ್ಸಿನವರನ್ನ ಕೇಳಿ. ನಾವು ಕೇಳಿದ ಒಬ್ಬ ಹುಡುಗಿ ಖರಹರಪ್ರಿಯ ರಾಗದ ಆಲಾಪನೆ (ಸಾಹಿತ್ಯ, ತಾಳ ಇಲ್ಲದೆ ರಾಗ ಬಿಡಿಸೋದು) ಶುರು ಮಾಡಿದಾಗ ಕೈ ನಡುಗ್ತಿದ್ದದ್ದು ನಮಗೇ ಕಾಣ್ತಿತ್ತು, ಹಾಡಿನ ಒಂದೇ ಸಾಲನ್ನ ಥರಥರವಾಗಿ ಬೆಳೆಸಿ ಹಾಡೋ ನೆರವಲ್‌ಗೆ ಬರೋ ಹೊತ್ತಿಗೆ ಅವಳು ಬೇರೇನೇ ಆಗಿದ್ಲು, ಪಿಟೀಲಿನವರು ಅವಳು ಬಿಟ್ಟ ಕಡೆಯಿಂದಲೇ ಎತ್ಕೊಂಡು ವಾಪಸ್ ಕೊಟ್ಟಾಗ ನಕ್ಕುಬಿಟ್ಲು. ಆ ನಗು ಹತ್ತಿರ ಕೂತವರಿಗೆ ಮಾತ್ರ ಸಿಕ್ಕಿದ್ದು. ಸಿಟಿ ಹಾಲ್‌ನಲ್ಲಿ ಇಪ್ಪತ್ತನೇ ಸಾಲಲ್ಲಿ ಕೂತು ಇಂಥದ್ದು ನನಗೆ ಯಾವತ್ತೂ ಸಿಕ್ಕಿಲ್ಲ.

ಅದಕ್ಕೇ ಎಲ್ಲಿ ಕೂರ್ಬೇಕು ಅನ್ನೋದು ಮುಖ್ಯ. ಸ್ಪೀಕರ್ ಮುಂದೆ ಕೂರಲೇಬೇಡಿ, ಮೊದಲ ಅರ್ಧ ಗಂಟೆ ಮೃದಂಗದ ಮೈಕ್ ಜಾಸ್ತಿ ಆಗಿ ನಮಗೆ ಪಿಟೀಲೇ ಕೇಳ್ತಿರ್ಲಿಲ್ಲ, ಆಮೇಲೆ ಜಾಗ ಬದಲಾಯಿಸಿದ್ವಿ. ಸಾಮಾನ್ಯವಾಗಿ ಪಿಟೀಲಿನವರು ನಮ್ಮ ಬಲಗಡೆ, ಮೃದಂಗದವರು ಎಡಗಡೆ ಕೂತಿರ್ತಾರೆ. ಪಿಟೀಲು ಕಲಿಯೋ ಮಕ್ಕಳಿದ್ರೆ ಬಲಗಡೆ ಮುಂದೆ ಕೂರ್ಸಿ, ಬೆರಳು ಜಾರೋದು ಕಾಣುತ್ತೆ. ಮತ್ತೆ ಶುರುವಾಗೋಕೆ ಇಪ್ಪತ್ತು ನಿಮಿಷ ಮುಂಚೆ ಹೋಗಿ. ಮೃದಂಗದವರು ರವೆ ಕಲಸಿ ಎಡಗಡೆ ಚರ್ಮದ ನಡುವಿಗೆ ಹಚ್ಚಿ, ಕೈಯಿಂದ ಒತ್ತಿ, ತಟ್ಟಿ ನೋಡಿ, ಸ್ವಲ್ಪ ಕೆರೆದು ಮತ್ತೆ ತಟ್ಟಿದ್ದು, ಆ ದನಿ ದಪ್ಪ ಆಗ್ತಾ ಆಗ್ತಾ ತಂಬೂರಿ ಜೊತೆ ಕೂತ್ಕೊಂಡಿದ್ದು, ಇದನ್ನ ನಾನು ಇಷ್ಟು ಹತ್ತಿರದಿಂದ ನೋಡಿದ್ದು ಮೊದಲನೇ ಸಲ.

ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ರು, ಇದೇ ಊರಿನೋರಂತೆ. ತೊಡೆ ಮೇಲೆ ಎಂಟು ಎಣಿಕೆಯ ಆದಿತಾಳ ಹಾಕ್ತಾ ಕಣ್ಮುಚ್ಕೊಂಡಿದ್ರು. ತಾಳವಾದ್ಯದವರು ಮಾತ್ರ ನುಡಿಸೋ ತನಿ ಆವರ್ತನ ಶುರುವಾದ ತಕ್ಷಣ ಹಿಂದಿನ ಸಾಲಿನೋರೆಲ್ಲಾ ಕಾಫಿಗೆ ಅಂತ ಎದ್ರು, ಅಜ್ಜಿ ಕಣ್ಣು ಬಿಟ್ಟು ಅವರ ಕಡೆ ಒಂದು ಸಲ ನೋಡಿ ಮತ್ತೆ ತಾಳಕ್ಕೆ ವಾಪಸ್ ಹೋದ್ರು. ನನಗೂ ಅದು ತುಂಬಾ ಬೇಜಾರಾಗುತ್ತೆ, ಮೃದಂಗ, ಘಟದವರು ಎರಡು ಗಂಟೆ ಹಾಡಿಗೆ ಒತ್ತಾಸೆಯಾಗಿ ನುಡಿಸಿ ತಮ್ಮದು ಅಂತ ಸಿಗೋದು ಆ ಹತ್ತು ನಿಮಿಷ, ಆಗ ಏಳಬೇಡಿ. ಕಾಫಿ ಅದಕ್ಕಿಂತ ಮುಂಚೆನೇ ಕುಡ್ಕೊಳ್ಳಿ.

ಉಳಿದದ್ದು ಸಣ್ಣಪುಟ್ಟದು. ನೆಲದ ಮೇಲೆ ಕೂರೋರು ದಪ್ಪ ಜಮಖಾನ ತಗೊಂಡು ಹೋಗಿ, ಮಂಡಿ ನೋವಿರೋ ಹಿರಿಯರಿಗೆ ಕುರ್ಚಿ ಮೊದಲೇ ಹಿಡ್ಕೊಳ್ಳಿ. ನೀರಿನ ಬಾಟಲಿ, ಸಂಜೆಗೆ ಒಂದು ಶಾಲು ಇರಲಿ. ಪಕ್ಕದ ಕಾವೇರಿ ಹೊಳೆಗೆ ಮಕ್ಕಳನ್ನ ಒಂಟಿಯಾಗಿ ಬಿಡಬೇಡಿ, ಕಲ್ಲು ಪಾಚಿ ಕಟ್ಟಿರುತ್ತೆ. ಆ ವರ್ಷದ ತಾರೀಕು ವಿಚಾರಿಸ್ಕೊಂಡೇ ರಜೆ ಹಾಕಿ. ನಾವು ಮುಂದಿನ ಸಲ ಒಂದು ದಿನ ಮುಂಚೆನೇ ಹೋಗೋದು ಅಂತ ಓಮ್ನಿಯಲ್ಲೇ ತೀರ್ಮಾನ ಮಾಡಿದೀವಿ, ಅಕ್ಕನ ಮಗಳು ಪಿಟೀಲೂ ತರ್ತೀನಿ ಅಂತಿದಾಳೆ.